ಗಂಟೆ ಹೊಡೆಯುವವರೆಗೆ ನಡೆ

ಆಟದ ನಿಯಮಗಳನ್ನು ಮಾಡಿದ್ದು ಮಕ್ಕಳಲ್ಲ, ಟೀಚರ್. ಮಕ್ಕಳು ಮಾಡಿದ್ದರೆ ಎಲ್ಲೋ ಒಂದು ಕಡೆ ತಪ್ಪಿಸಿಕೊಳ್ಳಲು ಸಂದು ಇಟ್ಟುಕೊಂಡಿರುತ್ತಿದ್ದರು.

ಆ ವರ್ಷ ಸಣ್ಣ ತರಗತಿಗಳಿಗೂ ಕೋಡಿಂಗ್ ಕಲಿಸಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ಶಾಲೆಯ ಕಂಪ್ಯೂಟರುಗಳು ಮುಸುಕು ಹೊದ್ದ ರೋಗಿಗಳ ಹಾಗೆ ಸಾಲಾಗಿ ಕೂತಿದ್ದವು. ಒಂದು ಎದ್ದರೆ ಇನ್ನೊಂದು ಮಲಗುತ್ತಿತ್ತು. ಟೀಚರ್ ಅವುಗಳ ಗೊಡವೆಗೆ ಹೋಗಲಿಲ್ಲ. “ಮೊದಲು ನೀವೇ ಯಂತ್ರ ಆಗಿ. ಆಮೇಲೆ ಯಂತ್ರದ ಹತ್ರ ಕೆಲಸ ಮಾಡಿಸೋದು ತಾನಾಗೇ ಬರುತ್ತೆ” ಎಂದು ಬೆಂಚುಗಳನ್ನು ಗೋಡೆಗೆ ಸರಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆಗಳನ್ನು ಎಳೆದಳು. ಒಂದು ಮಗು ಯಂತ್ರ, ಇನ್ನೊಂದು ಅಪ್ಪಣೆ ಕೊಡುವ ಮಗು. ಮುಂದೆ ನಡೆ, ಬಲಕ್ಕೆ ತಿರುಗು, ನಿಲ್ಲು.

ಮೊದಲ ವಾರ ಬರೀ ಗದ್ದಲ. ಯಂತ್ರ ನಗುತ್ತಿತ್ತು, ಗೆಳೆಯ ಕಣ್ಣು ಮಿಟುಕಿಸಿದರೆ ತಾನೂ ಮಿಟುಕಿಸುತ್ತಿತ್ತು. ಒಬ್ಬ ಯಂತ್ರ ದಾರಿಯಲ್ಲಿದ್ದ ಬಕೆಟ್ಟನ್ನು ದಾಟಿಕೊಂಡು ಹೋದ.

“ಯಾಕೋ ದಾಟಿದೆ?”

“ಬಕೆಟ್ ಅಡ್ಡ ಇತ್ತಲ್ಲ ಮಿಸ್.”

“ದಾಟು ಅಂತ ಹೇಳಿದ್ನಾ?”

“ಬಕೆಟ್ಟಿಗೆ ಡಿಕ್ಕಿ ಹೊಡಿ ಅಂತಾನೂ ಹೇಳಿಲ್ವಲ್ಲ ಮಿಸ್!”

ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಟೀಚರೂ ನಕ್ಕಳು. ಆದರೆ ಮನೆಗೆ ಹೋಗಿ ಕೂತು ನಿಯಮಗಳನ್ನು ಬಿಗಿ ಮಾಡಿದಳು. ಯಂತ್ರಕ್ಕೆ ಹೆಸರಿಲ್ಲ, ಹೆಸರು ಹಿಡಿದು ಕೂಗಿದರೆ ತಿರುಗಬಾರದು. ಕೊಟ್ಟ ಅಪ್ಪಣೆಯನ್ನು ಬಿಟ್ಟು ಬೇರೆ ಯಾರ ಮಾತೂ ಅದರ ಕಿವಿಗೆ ಬೀಳಬಾರದು. ಯಂತ್ರವಾದವರನ್ನು ಯಾರೂ ಮಾತನಾಡಿಸಬಾರದು. ಅಪ್ಪಣೆ ಕೊಡುವವರು ‘ಎಲ್ಲಿವರೆಗೆ’ ಎಂಬುದನ್ನು ಹೇಳಲೇಬೇಕು. ಅಲ್ಲಿಗೆ ಬಂದಾಗ ಯಂತ್ರ ಇದ್ದಲ್ಲೇ ನಿಲ್ಲಬೇಕು, ಕಲ್ಲಿನ ಹಾಗೆ. ಟೀಚರ್ ಬಂದು ಹೆಗಲು ಮುಟ್ಟಿದ ಮೇಲೆ ಮಾತ್ರ ಅದು ಮತ್ತೆ ಮಗು.

ಹೆಗಲು ಮುಟ್ಟುವ ನಿಯಮವೆಂದರೆ ಅವಳಿಗೇ ಅಚ್ಚುಮೆಚ್ಚು. ಕೈ ಇಟ್ಟೊಡನೆ ಮಗು ದೀರ್ಘವಾಗಿ ಉಸಿರು ಬಿಟ್ಟು, ಎಲ್ಲಿಗೋ ಹೋಗಿ ಬಂದಂತೆ ಸುತ್ತ ನೋಡುತ್ತಿತ್ತು.

ತರಗತಿಯಲ್ಲಿ ಅತ್ಯುತ್ತಮ ಯಂತ್ರವೆಂದರೆ ಸೂಜಿ. ಅದು ಮನೆಯವರು ಇಟ್ಟ ಅಡ್ಡಹೆಸರು. ಮೈ ಸಣ್ಣ, ನಡಿಗೆ ನೆಟ್ಟಗೆ. ಟೀಚರಿಗೆ ಅವಳು ಸ್ವಂತ ಅಕ್ಕನ ಮಗಳು. ಶಾಲೆಯಲ್ಲಿ ‘ಮಿಸ್’ ಎನ್ನುವವಳು ಗೇಟು ದಾಟಿದೊಡನೆ ‘ಚಿಕ್ಕಮ್ಮ’ ಎನ್ನುತ್ತಿದ್ದಳು. ಅಕ್ಕನಿಗೆ ಇದ್ದುದು ಅದೊಂದೇ ಮಗು, ಗಂಡ ತೀರಿಹೋಗಿದ್ದ. ಬಟ್ಟೆ ಹೊಲಿಯುವ ಕಾರ್ಖಾನೆಯ ಕೆಲಸಕ್ಕೆ ಮುಂಜಾನೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದಳು. “ನೀನಿರೋ ಹೊತ್ತಿಗೆ ನಾನು ಸೂಜಿ ದಾರದ ಮಧ್ಯೆ ನೆಮ್ಮದಿಯಾಗಿದೀನಿ ಕಣೆ” ಎಂದು ತಂಗಿಗೆ ಹೇಳುತ್ತಿದ್ದಳು. “ಅಲ್ಲಿ ಸೂಜಿ ಮುರಿದ್ರೆ ಇನ್ನೊಂದು ಕೊಡ್ತಾರೆ. ಇದು ಮುರಿದ್ರೆ ನನಗೆ ಇನ್ನೊಂದಿಲ್ಲ.”

ಸೂಜಿಗೆ ಕಾಯುವುದನ್ನು ಕಲಿಸಿದ್ದು ಅಜ್ಜ, ಟೀಚರ ಅಪ್ಪ. ಪ್ರತಿ ಸಂಜೆ ಅಜ್ಜ ದಪ್ಪ ಪುಸ್ತಕವೊಂದನ್ನು ತೊಡೆಯ ಮೇಲಿಟ್ಟುಕೊಂಡು ಅವೇ ಪದ್ಯಗಳನ್ನು ಓದುತ್ತಿದ್ದರು. ಪುಸ್ತಕ ಬರೀ ನೆಪ, ಎಲ್ಲ ಬಾಯಿಗೆ ಬರುತ್ತಿತ್ತು. ಕಿವಿ ಮಂದವಾದ ಮೇಲೆ ದನಿ ಇನ್ನೂ ದೊಡ್ಡದಾಗಿತ್ತು. ಆ ಮನೆಯಲ್ಲಿ ಒಂದೇ ಕಟ್ಟಳೆ: ಓದು ಶುರುವಾದ ಮೇಲೆ ಅಜ್ಜ ‘ಸಾಕು’ ಎಂದು ಪುಸ್ತಕ ಮುಚ್ಚುವವರೆಗೆ ಕೂತವರು ಏಳುವಂತಿಲ್ಲ. ಟೀಚರೂ ಅವಳ ಅಕ್ಕನೂ ಹಾಗೇ ಬೆಳೆದವರು. ಆದರೆ ಇಬ್ಬರೂ ತೂಕಡಿಸುತ್ತಿದ್ದರು, ಒಬ್ಬರನ್ನೊಬ್ಬರು ಜಿಗುಟುತ್ತಿದ್ದರು. ಸೂಜಿ ಮಾತ್ರ ಬೆನ್ನು ನೆಟ್ಟಗೆ ಮಾಡಿ ಕೂತು, ಕಣ್ಣು ಕೂಡ ಮಿಟುಕಿಸದೆ, ಆ ‘ಸಾಕು’ವಿಗಾಗಿ ಕಿವಿ ತೆರೆದಿರುತ್ತಿದ್ದಳು. ಒಮ್ಮೆ ಯಾರೋ ಬಂದರೆಂದು ಅಜ್ಜ ನಡುವೆಯೇ ಎದ್ದು ಹೋಗಿ ಮರೆತುಬಿಟ್ಟಿದ್ದರು. ತಾಯಿ ಕೆಲಸದಿಂದ ಬಂದು ನೋಡಿದರೆ ಮಗಳು ಕತ್ತಲಲ್ಲಿ ಹಾಗೇ ಕೂತಿದ್ದಳು.

“ದೀಪ ಹಾಕ್ಕೋಬಾರದೇನೆ?”

“ಅಜ್ಜ ಸಾಕು ಅಂದಿಲ್ಲಮ್ಮ.”

ಅಂದು ಎಲ್ಲರೂ ಮುದ್ದು ಮಾಡಿ ನಕ್ಕಿದ್ದರು.

ಆಟ ತರಗತಿಯ ಬಾಗಿಲು ದಾಟಿ ಹೊರಗೆ ಹೋದದ್ದು ಯಾವಾಗ ಎಂದು ಟೀಚರಿಗೆ ಗೊತ್ತಾಗಲಿಲ್ಲ. ಊಟದ ಬಿಡುವಿನಲ್ಲಿ ಅಂಗಳದಲ್ಲಿ ಮಕ್ಕಳು ಗೋಡೆಗೆ ಮುಖ ಮಾಡಿ ನಿಂತಿರುವುದು ಕಾಣತೊಡಗಿತು. ಚೆಂಡು ಬಂದು ಬೆನ್ನಿಗೆ ಬಡಿದರೂ ತಿರುಗುತ್ತಿರಲಿಲ್ಲ. ಕರೆದೊಯ್ಯಲು ಬಂದ ತಾಯಂದಿರಲ್ಲಿ ಒಬ್ಬಳು ಗೇಟಿನ ಹತ್ತಿರ ಹಿಡಿದು ನಿಲ್ಲಿಸಿ, “ಏನು ಮಾಟ ಮಾಡಿದೀರಿ ಮಿಸ್? ಮನೇಲಿ ದೆವ್ವದಂಗೆ ಕುಣಿಯೋನು. ನಿನ್ನೆ ನೀರು ತಗೊಂಬಾ ಅಂದ್ರೆ ತಂದು, ಲೋಟ ಹಿಡ್ಕೊಂಡು ಕಂಬದಂಗೆ ನಿಂತಿದಾನೆ. ಕೊಡೋ ಅಂದ್ರೆ ಕೊಟ್ಟ. ಹೋಗೋ ಅಂದ್ರೆ, ಎಲ್ಲಿವರೆಗೆ ಅಂತಾನೆ!” ಎಂದಳು.

“ಹೇಳಿದ ಮಾತು ಕೇಳ್ತಾನೆ ಅಂದ್ರೆ ಒಳ್ಳೇದೇ ಅಲ್ವಾ?”

“ಒಳ್ಳೇದೇ, ಒಳ್ಳೇದೇ” ಎಂದಳು ತಾಯಿ. ನಗುತ್ತಲೇ ಅಂದಳು. ಆದರೆ ಮಗನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡೇ ಹೋದಳು.

ಹೆಡ್ಮಾಸ್ಟರಿಗಂತೂ ಹಿಗ್ಗೋ ಹಿಗ್ಗು. ಕಾರಣ ಗಂಟೆ. ಮೊದಲು ಶಾಲೆಯ ಗಂಟೆಯನ್ನು ಕೈಯಲ್ಲಿ ಹೊಡೆಯುತ್ತಿದ್ದರು. ಹೊಡೆಯುವವನು ನಿದ್ದೆ ಹೋದರೆ ಒಂದು ಪಾಠ ಎರಡು ಪಾಠದಷ್ಟು ಉದ್ದವಾಗುತ್ತಿತ್ತು. ಟೀಚರ್ ದೊಡ್ಡ ತರಗತಿಯ ಮಕ್ಕಳನ್ನು ಕೂರಿಸಿಕೊಂಡು ಹೆಡ್ಮಾಸ್ಟರ ಕೋಣೆಯ ಕಂಪ್ಯೂಟರಿನಲ್ಲೇ ಗಂಟೆಯ ಕೋಡ್ ಬರೆಸಿದ್ದಳು. ಹೊತ್ತಿಗೆ ಸರಿಯಾಗಿ ಅದು ತಾನೇ ಬಾರಿಸುತ್ತಿತ್ತು. ರಜೆಯ ದಿನ ಸುಮ್ಮನಿರಲೆಂದು ‘ರಜೆ’ ಎಂಬ ಒಂದು ಗುಂಡಿಯನ್ನೂ ಇಡಿಸಿದ್ದಳು. ಹಳೆಯ ಹಿತ್ತಾಳೆ ಗಂಟೆಯನ್ನು ಇಳಿಸಿ, ಕಾರಿಡಾರಿನ ಕೊನೆಯ ಉಗ್ರಾಣದ ಕೋಣೆಗೆ ಹಾಕಿದರು. “ಮನುಷ್ಯನ ಹಾಗೆ ನಿದ್ದೆ ಮಾಡಲ್ಲ, ಮರೆಯಲ್ಲ, ನೆಪ ಹೇಳಲ್ಲ. ಹೇಳಿದ್ದಷ್ಟು ಮಾಡುತ್ತೆ, ಹೆಚ್ಚಿಲ್ಲ ಕಮ್ಮಿಯಿಲ್ಲ. ಮಕ್ಕಳೂ ಹಿಂಗೇ ಆಗಬೇಕು ನೋಡಿ” ಎಂದು ಹೆಡ್ಮಾಸ್ಟರು ಬಂದವರಿಗೆಲ್ಲ ತೋರಿಸುತ್ತಿದ್ದರು.

ಆ ಉಗ್ರಾಣದಲ್ಲಿ ಹಳೆಯ ಪುಸ್ತಕಗಳ ಕಪಾಟುಗಳಿದ್ದವು, ಕಾಲು ಮುರಿದ ಬೆಂಚುಗಳಿದ್ದವು. ಮರಕ್ಕೆ ಹುಳು ಬಿದ್ದಿತ್ತು. ಗೋಡೆಗೆ ಕಿವಿ ಇಟ್ಟರೆ ಕೊರೆಯುವ ಸದ್ದು ಕೇಳುತ್ತದೆ ಎಂದು ಮಕ್ಕಳು ಹೇಳುತ್ತಿದ್ದರು. ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಅದಕ್ಕೆ ಮದ್ದು ಹಾಕಿಸುವುದೆಂದು ನಿಶ್ಚಯವಾಗಿತ್ತು.

ಆ ಶನಿವಾರ ಟೀಚರ್ ಹೊಸ ಪಾಠ ಶುರು ಮಾಡಿದಳು. ಒಂದೇ ಅಪ್ಪಣೆಯನ್ನು ಯಂತ್ರ ಮತ್ತೆ ಮತ್ತೆ ಮಾಡುವುದು. ಸೂಜಿಯನ್ನು ತರಗತಿಯ ಬಾಗಿಲ ಹೊರಗೆ, ಉದ್ದನೆಯ ಕಾರಿಡಾರಿಗೆ ಮುಖ ಮಾಡಿ ನಿಲ್ಲಿಸಿ ಹೇಳಿದಳು: “ಮುಂದೆ ನಡೆ. ಗೋಡೆ ಅಡ್ಡ ಬಂದರೆ ಬಲಕ್ಕೆ ತಿರುಗು. ಮತ್ತೆ ನಡೆ. ಗಂಟೆ ಹೊಡೆಯುವವರೆಗೆ ಇದನ್ನೇ ಮಾಡು. ಗಂಟೆ ಹೊಡೆದಾಗ ಎಲ್ಲಿರ್ತೀಯೋ ಅಲ್ಲೇ ನಿಂತ್ಕೋ.”

ಸೂಜಿ ತಲೆಯಾಡಿಸಲಿಲ್ಲ. ಯಂತ್ರ ತಲೆಯಾಡಿಸುವುದಿಲ್ಲ. ನಡೆದಳು.

ಒಳಗೆ ಉಳಿದ ಮಕ್ಕಳು ಚೌಕುಳಿ ಹಾಳೆಯ ಮೇಲೆ ಅವಳ ದಾರಿಯನ್ನು ಎಳೆಯಬೇಕು, ಗಂಟೆ ಹೊಡೆದಾಗ ಅವಳು ಎಲ್ಲಿರುತ್ತಾಳೆ ಎಂದು ಊಹಿಸಬೇಕು. ಉತ್ತರ ಸುಲಭ. ಕಾರಿಡಾರಿನ ಕೊನೆಗೆ ಹೋದರೆ ಗೋಡೆ. ಬಲಕ್ಕೆ ತಿರುಗಿದರೆ ಯಾವಾಗಲೂ ಬೀಗ ಹಾಕಿರುವ ಉಗ್ರಾಣದ ಬಾಗಿಲು, ಅಂದರೆ ಅದೂ ಗೋಡೆಯೇ. ಮತ್ತೆ ಬಲಕ್ಕೆ ತಿರುಗಿದರೆ ಬಂದ ದಾರಿ. ಹೋಗುವುದು, ಬರುವುದು. ಟೀಚರ್ ಕಣ್ಣಳತೆಯಲ್ಲೇ ಎಲ್ಲ ನಡೆಯುವಂತೆ ಯೋಚಿಸಿ ಕೊಟ್ಟ ಲೆಕ್ಕ ಅದು.

ಒಬ್ಬಳು ಹುಡುಗಿ, ಮುಂದಿನ ಹಲ್ಲು ಉದ್ದವೆಂದು ಎಲ್ಲರೂ ಮೊಲ ಎನ್ನುತ್ತಿದ್ದವಳು, ಸೂಜಿಯ ಪಕ್ಕದ ಮನೆಯ ಗೆಳತಿ, ಹಾಳೆಯಿಂದ ತಲೆಯೆತ್ತಿ, “ಇನ್ನೂ ವಾಪಸ್ ಬಂದಿಲ್ಲ ಮಿಸ್ ಅವಳು” ಎಂದಳು.

“ನಿಧಾನಕ್ಕೆ ನಡೀತಾ ಇರ್ತಾಳೆ. ನೀನು ಗೆರೆ ಎಳಿ.”

ಆಗಲೇ ಹೆಡ್ಮಾಸ್ಟರ ದನಿ ಮೈಕಿನಲ್ಲಿ ಕೇಳಿಸಿತು. ಮದ್ದು ಹಾಕುವವನು ಬೇಗ ಬಂದಿದ್ದಾನೆ, ಎಲ್ಲರೂ ಈಗಲೇ ಮನೆಗೆ ಹೊರಡಿ, ಕಟ್ಟಡ ಖಾಲಿಯಾಗಬೇಕು. ಮಾತು ಮುಗಿಯುವ ಮೊದಲೇ ಮಕ್ಕಳು ಬಿಲ ಒಡೆದ ಇರುವೆಗಳಂತೆ ಹೊರಗೆ ಹರಿದರು. ಟೀಚರ್ ಕಂಪ್ಯೂಟರುಗಳನ್ನು ಆರಿಸಿ ಮುಸುಕು ಹಾಕಿ ಕಾರಿಡಾರಿಗೆ ಬಂದಳು. ಖಾಲಿ. ಸೂಜಿಯ ಚೀಲ ಅವಳ ಜಾಗದಲ್ಲಿ ಇರಲಿಲ್ಲ. ಶನಿವಾರಗಳಲ್ಲಿ ಮೊಲದ ಜೊತೆ ಹೋಗುವುದು ಅವಳ ರೂಢಿ. ಹೋಗಿದ್ದಾಳೆ ಎಂದುಕೊಂಡಳು. ಗೇಟಿನಲ್ಲಿ ಹೆಡ್ಮಾಸ್ಟರು ಕೊಡೆ ಹಿಡಿದು ನಿಂತಿದ್ದರು.

“ರಜೆ ಗುಂಡಿ ಒತ್ತಿದೀನಮ್ಮ. ಖಾಲಿ ಕಟ್ಟಡದಲ್ಲಿ ಅದು ಸುಮ್ನೆ ಬಡ್ಕೋಬಾರದು ನೋಡಿ.”

“ಒಳ್ಳೇದು ಸರ್” ಎಂದಳು.

ದಾರಿಯಲ್ಲಿ ಅಜ್ಜನ ಕನ್ನಡಕ ರಿಪೇರಿಗೆ ಕೊಟ್ಟಿದ್ದನ್ನು ಇಸಿದುಕೊಂಡು ಮನೆಗೆ ಬಂದರೆ ಅಜ್ಜ ಒಬ್ಬರೇ ಜಗಲಿಯಲ್ಲಿ ಕೂತಿದ್ದರು.

“ಸೂಜಿ ಎಲ್ಲಪ್ಪ?”

“ಸೌತೆನಾ? ತಂದಿಲ್ಲವಲ್ಲ.”

“ಸೂಜಿ! ಮಗು!”

“ನಿನ್ನ ಜೊತೆ ಬರಲಿಲ್ವೇನಮ್ಮ?”

ಪಕ್ಕದ ಮನೆಗೆ ಹೋದಳು. ಇನ್ನೂ ಗಾಬರಿ ಇರಲಿಲ್ಲ; ಎರಡೂ ಮಂಚದ ಮೇಲೆ ಕೂತು ಆಡುತ್ತಿರುತ್ತವೆ ಎಂದೇ ಅಂದುಕೊಂಡಿದ್ದಳು. ಮೊಲ ಒಬ್ಬಳೇ ಉಣ್ಣುತ್ತಿದ್ದಳು. ಅವಳ ಪಕ್ಕದಲ್ಲಿ ಎರಡು ಚೀಲಗಳಿದ್ದವು.

“ಅವಳ ಚೀಲ ನೀನ್ಯಾಕೆ ತಂದೆ?”

“ಅವಳಿಗೆ ತರೋಕಾಗಲ್ವಲ್ಲ ಮಿಸ್.”

“ಯಾಕೆ? ಎಲ್ಲಿದಾಳೆ ಅವಳು?”

ಮೊಲ ತುತ್ತನ್ನು ನುಂಗಿ, ಇಷ್ಟು ಸುಲಭದ್ದನ್ನು ಟೀಚರ್ ಯಾಕೆ ಕೇಳುತ್ತಿದ್ದಾರೆ ಎಂಬಂತೆ ನೋಡಿದಳು.

“ಅವಳು ಇನ್ನೂ ಯಂತ್ರ ಮಿಸ್. ಗಂಟೆ ಹೊಡೆದೇ ಇಲ್ವಲ್ಲ.”

“ಮತ್ತೆ ನೀನು ಕರೀಬಾರದಾ? ಮನೆಗೆ ಹೋಗೋಣ ಬಾರೆ ಅಂತ ಹೇಳಬಾರದಾ?”

“ಯಂತ್ರದ ಹತ್ರ ಮಾತಾಡಬಾರದು ಅಂತ ನೀವೇ ಅಂದಿದ್ರಿ” ಎಂದಳು ಮೊಲ.

ಟೀಚರ್ ಓಡಿದಳು. ಚಪ್ಪಲಿ ಎಲ್ಲಿ ಕಳಚಿತೋ ಗೊತ್ತಿಲ್ಲ. ಬಿಸಿಲು ಬೀದಿಯನ್ನು ಬೆಳ್ಳಗೆ ಸುಟ್ಟಿತ್ತು, ಅಂಗಡಿಯವರು ಬಾಗಿಲು ಅರ್ಧ ಎಳೆದು ಮಲಗಿದ್ದರು. ಅವಳ ತಲೆಯಲ್ಲಿ ಎರಡೇ ಮಾತು ಗಾಣದ ಎತ್ತಿನಂತೆ ಸುತ್ತುತ್ತಿದ್ದವು. ಗಂಟೆಗೆ ಸುಮ್ಮನಿರು ಎಂದಿದ್ದರು, ಅದು ಸುಮ್ಮನಿದೆ. ಮಗುವಿಗೆ ನಡೆ ಎಂದಿದ್ದೆ, ಅದು ನಡೆಯುತ್ತಿದೆ. ಎರಡೂ ತಪ್ಪು ಮಾಡಿಲ್ಲ.

ಗೇಟಿನ ಒಳಗೆ ಮದ್ದಿನವನ ಗಾಡಿ ನಿಂತಿತ್ತು. ಅವನು ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುತ್ತಿದ್ದ. ಹೆಡ್ಮಾಸ್ಟರು ನೆರಳಲ್ಲಿ ಕುರ್ಚಿ ಹಾಕಿಕೊಂಡಿದ್ದರು.

“ಮಗು ಒಳಗಿದೆ” ಎಂದಳು.

“ಯಾವ ಮಗು? ಎಲ್ಲ ಹೋದರಲ್ಲ. ನಾನೇ ಗೇಟಲ್ಲಿ ನಿಂತಿದ್ದೆ” ಎಂದರು ಹೆಡ್ಮಾಸ್ಟರು.

“ಗಂಟೆ ಹೊಡೆಸಿ ಸರ್. ಈಗಲೇ ಹೊಡೆಸಿ.”

“ಕರೆಂಟು ತೆಗೆಸಿದೀವಮ್ಮ. ಮದ್ದು ಇರುವಾಗ ಕಿಡಿ ಗಿಡಿ ಹಾರಬಾರದಂತೆ.”

ಅವಳು ಮುಂದಿನ ಮಾತಿಗೆ ನಿಲ್ಲಲಿಲ್ಲ. ಕಾರಿಡಾರಿನಲ್ಲಿ ನಿಂತು ಸೂಜೀ ಎಂದು ಕೂಗಿದಳು. ಕೂಗಿದ ಮೇಲೆ ನೆನಪಾಯಿತು, ಯಂತ್ರಕ್ಕೆ ಹೆಸರಿಲ್ಲ.

ಬೆಳಿಗ್ಗೆ ಮಗುವನ್ನು ನಿಲ್ಲಿಸಿದ್ದ ಜಾಗಕ್ಕೆ ಹೋಗಿ ನಿಂತಳು. ಹುಡುಕಿದರೆ ಸಿಗುವುದಿಲ್ಲ, ನಡೆದರೆ ಸಿಗುತ್ತದೆ. ಮುಂದೆ ನಡೆದಳು. ಗೋಡೆ ಅಡ್ಡ ಬಂತು. ಬಲಕ್ಕೆ ತಿರುಗಿದಳು. ಮುಚ್ಚಿದ ಬಾಗಿಲು, ಗೋಡೆಯೇ. ಮತ್ತೆ ಬಲಕ್ಕೆ ತಿರುಗಿ ಬಂದ ದಾರಿಯಲ್ಲೇ ನಡೆದಳು. ಈ ತುದಿಯಲ್ಲಿ ಗೋಡೆ, ಬಲಕ್ಕೆ ಕಟ್ಟೆ, ಮತ್ತೆ ಬಲಕ್ಕೆ. ಲೆಕ್ಕ ಸರಿಯಾಗಿಯೇ ಇತ್ತು. ಈ ಲೆಕ್ಕದ ಪ್ರಕಾರ ಸೂಜಿ ಇಲ್ಲೇ, ಈ ಕಾರಿಡಾರಿನಲ್ಲೇ, ಕಣ್ಣೆದುರಿಗೇ ನಡೆಯುತ್ತಿರಬೇಕು. ಇಲ್ಲ.

ಎರಡನೆಯ ಸಲ ಉಗ್ರಾಣದ ಬಾಗಿಲಿಗೆ ಎದುರಾಗಿ ನಿಂತಾಗ ಕಂಡಿತು. ಬಾಗಿಲಿನ ಸಂದುಗಳಿಗೆಲ್ಲ ಕಂದು ಬಣ್ಣದ ಅಗಲ ಟೇಪು ಅಂಟಿಸಿತ್ತು. ಹೊಸ ಟೇಪು. ಕೈಯಿಂದ ಉಜ್ಜಿದ ಗುರುತು ಇನ್ನೂ ಹೊಳೆಯುತ್ತಿತ್ತು.

“ಈ ಬಾಗಿಲು ಯಾವಾಗ ತೆಗೆದಿದ್ದು?” ಎಂದು ಕಿರುಚಿದಳು.

ಮದ್ದಿನವನು ಒದ್ದೆ ಕೈಯಲ್ಲೇ ಬಂದ. “ಬೆಳಿಗ್ಗೇನೇ ಮೇಡಂ. ಸ್ವಲ್ಪ ಗಾಳಿ ಆಡಲಿ ಅಂತ ಹೆಡ್ಮಾಸ್ಟ್ರು ತೆಗೆಸಿದ್ರಂತೆ. ಮುಚ್ಚಿದ್ದು ನಾನು.”

“ಒಳಗೆ ನೋಡಿದ್ರಾ?”

“ನೋಡ್ದೆ ಹಾಕ್ತೀನಾ? ಬಾಗಿಲಲ್ಲಿ ನಿಂತು ಕೂಗಿದೆ. ಯಾರಾದ್ರೂ ಇದೀರಾ ಅಂತ. ಸ್ವಲ್ಪ ಹೊತ್ತು ಕಾದು ಮತ್ತೂ ಕೂಗಿದೆ. ಯಾರೂ ಓ ಅನ್ನಲಿಲ್ಲ. ಏನೋ ಟಕ್ ಟಕ್ ಅಂತಿತ್ತು, ಹುಳ ಕೊರೀತಿದೆ ಅಂದ್ಕೊಂಡೆ...” ಎನ್ನುತ್ತಿದ್ದವನು ಅಲ್ಲಿಗೇ ನಿಂತ.

ಟೀಚರ್ ಬಾಗಿಲಿಗೆ ಕಿವಿ ಹಚ್ಚಿದಳು.

ಟಕ್. ಟಕ್. ಟಕ್. ನಿಂತಿತು. ತಿರುಗುವಷ್ಟು ಹೊತ್ತು. ಟಕ್. ಟಕ್. ಹಿಂದಿಗಿಂತ ನಿಧಾನ. ಕಪಾಟುಗಳ ಹಿಂದೆ ಎಲ್ಲೋ, ಗೋಡೆಗೂ ಮರಕ್ಕೂ ನಡುವೆ, ಪುಟ್ಟ ಬೂಟುಗಳು ಒಂದು ಚೌಕವನ್ನು ಸುತ್ತುತ್ತಿದ್ದವು.

“ಸೂಜೀ! ಬಾಗಿಲ ಹತ್ರ ಬಾರೇ! ಚಿಕ್ಕಮ್ಮ ಕಣೆ!”

ಹೆಜ್ಜೆ ತಪ್ಪಲಿಲ್ಲ, ತಡೆಯಲೂ ಇಲ್ಲ.

“ಒಡೀರಿ ಬಾಗಿಲು!”

“ಬೀಗದ ಕೀ ಹೆಡ್ಮಾಸ್ಟ್ರ ಹತ್ರ. ಮುಖಕ್ಕೆ ಹಾಕ್ಕೊಳ್ಳೋದು ಗಾಡೀಲಿದೆ, ಅದಿಲ್ದೆ ಒಳಗೆ ಹೋದ್ರೆ ನಾವೂ ಬೀಳ್ತೀವಿ. ಈಗ ತರ್ತೀನಿ. ಬಾಗಿಲ ಬುಡದಲ್ಲಿಟ್ಟ ಮದ್ದಿನ ಮಾತ್ರೆ ಗಾಳಿಗೆ ಕರಗಿ ವಿಷ ಆಗೋಕೆ ಸ್ವಲ್ಪ ಹೊತ್ತು ಬೇಕು ಮೇಡಂ, ಸ್ವಲ್ಪ ಹೊತ್ತು ಬೇಕು” ಎಂದು ಅದನ್ನೇ ಮಂತ್ರದ ಹಾಗೆ ಹೇಳುತ್ತ ಓಡಿದ.

ಟೀಚರ್ ಕೈಗೆ ಸಿಕ್ಕಲ್ಲೆಲ್ಲ ಟೇಪು ಕಿತ್ತಳು. ಬಾಗಿಲ ಬುಡದ ಸಂದಿನಿಂದ ಬೆಳ್ಳುಳ್ಳಿ ಕೊಳೆತಂಥ ವಾಸನೆ ಸಣ್ಣಗೆ ಬಂತು. ಒಳಗೆ ಮಗು ನಡೆಯುತ್ತಿದೆ. ನಡೆದಷ್ಟೂ ಉಸಿರು ಜೋರು, ಉಸಿರು ಜೋರಾದಷ್ಟೂ ಅದು ಒಳಗೆ ಹೋಗುತ್ತದೆ. ಹೇಗಾದರೂ ಮಾಡಿ ಅವಳನ್ನು ಈ ಆಟದಿಂದ ಬಿಡಿಸಬೇಕು. ಗೋಡೆಯ ಹತ್ತಿರ ಮದ್ದಿನವನ ಖಾಲಿ ತಗಡಿನ ಡಬ್ಬವಿತ್ತು, ಪಕ್ಕದಲ್ಲಿ ಕಬ್ಬಿಣದ ಸಲಾಕೆ. ಎತ್ತಿಕೊಂಡು ಬಾರಿಸಿದಳು. ಶಾಲೆ ಬಿಡುವ ಗಂಟೆಯ ಹಾಗೆ, ಉದ್ದಕ್ಕೆ, ಎಡೆಬಿಡದೆ, ಕಾರಿಡಾರು ಗುಂಯ್‌ಗುಡುವಂತೆ ಬಾರಿಸಿದಳು.

ಹೆಜ್ಜೆ ನಿಂತಿತು.

“ಕೇಳಿಸ್ತು ಅವಳಿಗೆ! ಬರ್ತಾಳೆ ಈಗ” ಎಂದಳು, ಕೀಲಿಕೈ ಹಿಡಿದು ಏದುಸಿರು ಬಿಡುತ್ತ ಬಂದ ಹೆಡ್ಮಾಸ್ಟರ ಕಡೆ ತಿರುಗಿ.

ಯಾರೂ ಬರಲಿಲ್ಲ. ಒಳಗೆ ಈಗ ಯಾವ ಸದ್ದೂ ಇಲ್ಲ. ಹೆಡ್ಮಾಸ್ಟರು ಬೀಗ ತೆಗೆಯುತ್ತಿರುವಾಗ ಅವಳಿಗೆ ತನ್ನದೇ ದನಿ ಕೇಳಿಸಿತು, ಬೆಳಗಿನ ದನಿ, ಮಕ್ಕಳ ಎದುರಿನ ಸ್ಪಷ್ಟವಾದ ದನಿ: ಗಂಟೆ ಹೊಡೆದಾಗ ಎಲ್ಲಿರ್ತೀಯೋ ಅಲ್ಲೇ ನಿಂತ್ಕೋ.

ಸಲಾಕೆ ಎಸೆದು ಉಳಿದ ಟೇಪನ್ನು ಕಿತ್ತಳು.

ಬಾಗಿಲು ತೆರೆದದ್ದೇ ಮದ್ದಿನವನು ಮುಖಗವಸು ಬಿಗಿದು, ಇಬ್ಬರನ್ನೂ ಮೊಣಕೈಯಿಂದ ಹಿಂದಕ್ಕೆ ನೂಕಿ ಒಳಗೆ ನುಗ್ಗಿದ. ಹೆಜ್ಜೆಯ ಸದ್ದಿದ್ದರೆ ಅದರ ಜಾಡು ಹಿಡಿದು ನೇರ ಹೋಗುತ್ತಿದ್ದ. ಈಗ ಅವನ ಟಾರ್ಚು ಒಂದೊಂದೇ ಕಪಾಟಿನ ಹಿಂದೆ ಇಣುಕಬೇಕಾಯಿತು. ಬೆಳಕು ಅಲ್ಲಿ ಕಂಡಿತು, ಇಲ್ಲಿ ಕಂಡಿತು, ಮರೆಯಾಯಿತು. ಬೆಂಚೊಂದು ಉರುಳಿತು. ಹಳೆಯ ಹಿತ್ತಾಳೆ ಗಂಟೆಗೆ ಅವನ ಕಾಲು ತಾಗಿರಬೇಕು, ಒಮ್ಮೆ ಡಣ್ ಎಂದಿತು.

ಆಮೇಲೆ ಅವನು ಹೇಳಿದ್ದು ಇಷ್ಟು. ಕಡೆಯ ಕಪಾಟಿನ ಹಿಂದೆ ಹುಡುಗಿ ನೆಟ್ಟಗೆ ನಿಂತಿದ್ದಳು. ಗೋಡೆಗೆ ಒರಗಿರಲಿಲ್ಲ, ಮರಕ್ಕೆ ಒರಗಿರಲಿಲ್ಲ. ಕೈಗಳು ಪಕ್ಕಕ್ಕೆ ಇಳಿಬಿದ್ದಿದ್ದವು. ಕಣ್ಣು ತೆರೆದಿತ್ತು, ಟಾರ್ಚು ಮುಖಕ್ಕೆ ಬಿಟ್ಟರೂ ಮುಚ್ಚಲಿಲ್ಲ. ಬಾರಮ್ಮ ಎಂದರೆ ಬರಲಿಲ್ಲ. “ನಾನು ಹೆಗಲ ಮೇಲೆ ಕೈ ಇಟ್ಟೆ ಮೇಡಂ. ಇಟ್ಟಿದ್ದೇ ತಡ, ಯಾರೋ ದಾರ ಕತ್ತರಿಸಿದಂಗೆ ಕುಸಿದುಬಿಟ್ಲು.”

ಆಸ್ಪತ್ರೆಯ ಬೆಡ್ಡಿನ ಮೇಲೆ ಸೂಜಿ ಇನ್ನೂ ಸಣ್ಣಗೆ ಕಂಡಳು. ಮೂಗಿಗೆ ಗಾಳಿಯ ಕೊಳವೆ ಹಾಕಿದ್ದರು. ಡಾಕ್ಟರಮ್ಮ ಎರಡೆರಡು ಸಲ ಬಂದು ಎದೆಗೆ ಕಿವಿಗೊಳವೆ ಇಟ್ಟು ಹೋಗಿದ್ದಳು. “ಇದು ಮೋಸ ಮಾಡೋ ವಿಷ. ಈಗ ಚೆನ್ನಾಗೇ ಕಾಣ್ತಾಳೆ, ಮಾತೂ ಆಡಬಹುದು. ಆಮೇಲೆ ಏನು ಮಾಡುತ್ತೆ ಅಂತ ಹೇಳಕ್ಕಾಗಲ್ಲ. ನಾಳೆ ಇಷ್ಟು ಹೊತ್ತಿನ ತನಕ ದಾಟಿಸಿದ್ರೆ ಆಮೇಲೆ ನೋಡೋಣ” ಎಂದಿದ್ದಳು.

ಅಜ್ಜನನ್ನು ಮೊಲದ ಅಪ್ಪ ಕರೆತಂದು ಬಿಟ್ಟಿದ್ದ. ಅವರ ಕಂಕುಳಲ್ಲಿ ಪುಸ್ತಕವಿತ್ತು. ಯಾಕೆ ತಂದರೋ, ಅವರಿಗೂ ಗೊತ್ತಿರಲಿಕ್ಕಿಲ್ಲ. ಮೂಲೆಯ ಸ್ಟೂಲಿನ ಮೇಲೆ ಕೂತು, ಯಾರನ್ನೂ ಏನನ್ನೂ ಕೇಳದೆ, ತೆರೆದರು, ಮೆಲ್ಲಗೆ ಓದತೊಡಗಿದರು. ನರ್ಸು ಗದರಲು ಬಂದವಳು, ಆ ದನಿ ಕೇಳಿ ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತು ಹೊರಟುಹೋದಳು.

ಸೂಜಿ ಕಣ್ಣು ತೆರೆದಳು. ಸೂರನ್ನು ನೋಡಿದಳು, ಚಿಕ್ಕಮ್ಮನನ್ನು ನೋಡಿದಳು.

“ಗಂಟೆ ಹೊಡೀತಾ ಮಿಸ್?”

“ಹೊಡೀತು ಮಗಳೆ. ನಾನು ಮಿಸ್ ಅಲ್ಲ ಈಗ, ಚಿಕ್ಕಮ್ಮ.”

“ನಾನು ನಿಂತ್ಕೊಂಡಿದ್ದೆ.”

“ನಿಂತ್ಕೊಂಡಿದ್ದೆ. ಸರಿಯಾಗಿ ನಿಂತ್ಕೊಂಡಿದ್ದೆ.”

“ಈಗ ಏನು ಮಾಡ್ಲಿ?”

ಆ ಕಣ್ಣುಗಳು ಕಾಯುತ್ತಿದ್ದವು, ತರಗತಿಯ ಬಾಗಿಲಲ್ಲಿ ಕಾದಿದ್ದ ಹಾಗೆಯೇ.

“ಉಸಿರಾಡ್ತಾ ಇರು” ಎಂದಳು ಟೀಚರ್. “ಒಳಗೆ ಎಳ್ಕೋ, ಹೊರಗೆ ಬಿಡು. ಮತ್ತೆ ಎಳ್ಕೋ. ಇದನ್ನೇ ಮಾಡ್ತಾ ಇರು.”

ಸೂಜಿ ಎಳೆದುಕೊಂಡಳು, ಬಿಟ್ಟಳು. ಹುಬ್ಬು ಗಂಟಿಕ್ಕಿತು. ಅಪ್ಪಣೆಯಲ್ಲಿ ಏನೋ ಬಿಟ್ಟುಹೋಗಿದೆ ಎಂದು ಅವಳಿಗೆ ತಿಳಿದಿತ್ತು.

“ಎಲ್ಲಿವರೆಗೆ ಚಿಕ್ಕಮ್ಮ?”

“ಇದಕ್ಕೆ ಅದಿಲ್ಲ.”

“ಇರಲೇಬೇಕು ಅಂದಿದ್ರಿ.”

“ಇದಕ್ಕಿಲ್ಲ ಕಣೆ. ಇದಕ್ಕೆ ಗಂಟೆ ಇಲ್ಲ.”

ಸೂಜಿ ಕಣ್ಣು ಮುಚ್ಚಿ ಒಳಗೆ ಎಳೆದುಕೊಂಡಳು. ಹೊರಗೆ ಬಿಟ್ಟಳು. ಪ್ರತಿ ಉಸಿರಿನ ಕೊನೆಯಲ್ಲಿ ಒಂದು ತಡೆ, ತಿರುಗುವಷ್ಟು ಹೊತ್ತು.

ಬಾಗಿಲು ದಡ್ಡನೆ ತೆರೆದು ಅಕ್ಕ ಬಂದಳು. ಕಾರ್ಖಾನೆಯ ಏಪ್ರನ್ನು ಮೈಮೇಲೇ ಇತ್ತು, ದಾರದ ಎಳೆಗಳು ಕೂದಲಿಗೆ ಅಂಟಿಕೊಂಡಿದ್ದವು. ತಂಗಿಯ ಕಡೆ ನೋಡಲೂ ಇಲ್ಲ. “ನನ್ನ ಚಿನ್ನ, ನನ್ನ ಬಂಗಾರ” ಎನ್ನುತ್ತ ಬೆಡ್ಡಿನ ಕಡೆ ಬಾಗಿ ಮಗಳ ಹೆಗಲಿಗೆ ಕೈ ಚಾಚಿದಳು.

ಟೀಚರ್ ಆ ಕೈಯನ್ನು ಗಾಳಿಯಲ್ಲೇ ಹಿಡಿದಳು.

“ಹೆಗಲು ಮುಟ್ಟಬೇಡ.”

“ಬಿಡೇ ಕೈ. ನನ್ನ ಮಗು ಅದು.”

“ಕಾಲು ಮುಟ್ಟು ಅಕ್ಕ, ತಲೆ ಸವರು, ನಿನ್ನ ದಮ್ಮಯ್ಯ ಅಂತೀನಿ. ಹೆಗಲು ಬೇಡ.”

“ಯಾಕೆ? ಏನು ಮಾಡಿದೀಯೇ ಅವಳಿಗೆ? ಏನು ಹೇಳಿಟ್ಟಿದೀಯ?”

ಟೀಚರ್ ಹಿಡಿದ ಕೈಯನ್ನು ಬಿಡಲಿಲ್ಲ. ಅಕ್ಕ ಎಳೆದಳು, ತಂಗಿ ಬಿಗಿ ಹಿಡಿದಳು. ಅವರಿಬ್ಬರ ಕೈಗಳ ಕೆಳಗೆ ಆ ಸಣ್ಣ ಹೆಗಲು ಏರಿತು, ಇಳಿಯಿತು, ಏರಿತು. ಮೂಲೆಯಲ್ಲಿ ಅಜ್ಜನ ದನಿ ಪ್ರತಿ ಸಂಜೆ ‘ಸಾಕು’ ಎಂದು ನಿಲ್ಲುವ ಪದ್ಯಕ್ಕೆ ಬಂದಿತ್ತು. ಅಕ್ಕನಿಗೂ ತಂಗಿಗೂ ಒಟ್ಟಿಗೇ ಅದು ಗೊತ್ತಾಯಿತು, ಇಬ್ಬರೂ ತಿರುಗಿದರು. ಬೆಡ್ಡಿನ ಮೇಲೆ ಮಗುವೂ ಕಣ್ಣು ತೆರೆದು, ಉಸಿರು ಹಿಡಿದು, ಆ ಮೂಲೆಗೆ ಕಿವಿಗೊಟ್ಟಿತು.

ಅಜ್ಜ ಪದ್ಯದ ಕೊನೆಯ ಸಾಲನ್ನು ಮುಗಿಸಿದರು. ಮೊಮ್ಮಗಳನ್ನು ನೋಡಿದರು. ಹಾಳೆ ತಿರುವಿ, ಈವರೆಗೆ ಆ ಮನೆಯಲ್ಲಿ ಯಾರೂ ಕೇಳಿರದ ಮುಂದಿನ ಪದ್ಯವನ್ನು ಎತ್ತಿಕೊಂಡರು.